ಆಪ್ಷನ್‌ಗಳ ಪದಸೂಚಿಯಲ್ಲಿ ಹೈಫನ್ ಇರಬೇಕೇ?

ಪ್ರಶ್ನೆ: ಸಹೋದ್ಯೋಗಿಗಳ ಬಳಕೆಗಾಗಿ ಎಸ್‌ಎಸ್‌ಎಚ್ ಕೀ ಏಜೆಂಟ್‌ಗಳ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಪ್ರವೇಶಿಸಲು ಬೇಕಾದ ಕೀಗಳನ್ನು ನೆನಪಿನಲ್ಲಿಡುವ ತಂತ್ರಾಂಶಗಳ) ಕೈಪಿಡಿಯೊಂದನ್ನು, ಕೈಪಿಡಿ ಬರೆಯುವ ವ್ಯವಸ್ಥೆಯಾದ ಟೆಕ್ಸಿನ್ಫೋದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಕಮಾಂಡ್‌ಲೈನ್ ಆಪ್ಷನ್‌ಗಳನ್ನು ಸಾಮಾನ್ಯ ಪದಸೂಚಿಗೆ ಸೇರಿಸಿದರೆ ಅವೆಲ್ಲ ಹೈಫನ್ ಚಿಹ್ನೆಯಡಿ ರಾಶಿ ಬೀಳುತ್ತವೆ. ಒಂದಕ್ಷರದ ಆಪ್ಷನ್‌ಗಳಂತೂ ಯಾವ ಕಮಾಂಡಿನವೆಂದೇ ತಿಳಿಯುವುದಿಲ್ಲ. ದಯವಿಟ್ಟು ಪರಿಹಾರ ತಿಳಿಸಿ.

ಉತ್ತರ: ಟೆಕ್ಸಿನ್ಫೋದಲ್ಲಿ ಮೊದಲೇ ಸಿದ್ಧವಾಗಿರುವ ಆರು ಸೂಚಿಗಳಲ್ಲಿ ಆಪ್ಷನ್‌ಗಳಿಗೆಂದು ಯಾವುದೂ ಇಲ್ಲ. ಆದ್ದರಿಂದ ಡೆಫ್‌ಕೋಡ್‌ಇಂಡೆಕ್ಸ್ ಆದೇಶದಿಂದ ‘ಓಪಿ’ ಎಂಬ ಹೊಸ ಸೂಚಿಯನ್ನು ಸೃಷ್ಟಿಸಿ, ಪ್ರತಿ ಆಪ್ಷನ್ನಿನ ವಿವರಣೆಯ ಜೊತೆಗೆ ‘ಓಪಿಇಂಡೆಕ್ಸ್’ ಸಾಲನ್ನು ಬರೆಯಿರಿ. ಗೂಢಲಿಪೀಕರಣ ತಂತ್ರಾಂಶವಾದ ಗ್ನೂಪಿಜಿಯ ಕೈಪಿಡಿಯಲ್ಲಿ ಅನುಸರಿಸಿರುವ ಕ್ರಮವೂ ಇದೇ. ಆ ಸಾಲಿನಲ್ಲಿ ಆಪ್ಷನ್ನಿನ ಆರಂಭದ ಹೈಫನ್‌ಗಳನ್ನು ಬಿಟ್ಟುಬಿಡಿ. ವರ್ಣಾನುಕ್ರಮ ಸರಿಯಾಗುವುದಷ್ಟೇ ಇದರ ಲಾಭವಲ್ಲ: ಗ್ನೂಪಿಜಿಯ ಕೀ ಏಜೆಂಟ್ ಆದ ಜಿಪಿಜಿ-ಏಜೆಂಟ್‌ನ ‘ಎನೇಬಲ್-ಎಸ್‌ಎಸ್‌ಎಚ್-ಸಪೋರ್ಟ್’ ಆಪ್ಷನ್ನನ್ನು ಕಾನ್ಫಿಗರೇಷನ್ ಕಡತದಲ್ಲಿ ಆರಂಭದ ಹೈಫನ್ ಇಲ್ಲದೆಯೇ ಬರೆಯುವುದರಿಂದ, ಕಡತದಲ್ಲಿ ಅದನ್ನು ಕಂಡವರಿಗೂ ಕಮಾಂಡಿನಲ್ಲಿ ಕಂಡವರಿಗೂ ಒಂದೇ ನಮೂದು ಸಾಕಾಗುತ್ತದೆ.

ನಿಮ್ಮ ಎರಡನೆಯ ತೊಡಕು ಹೆಚ್ಚು ಗಂಭೀರವಾದದ್ದು. ಎಸ್‌ಎಸ್‌ಎಚ್ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಸಣ್ಣಕ್ಷರದ ‘ಡಿ’ ಎಸ್‌ಎಸ್‌ಎಚ್-ಏಜೆಂಟ್‌ಗೆ ಡಿಬಗ್ (ದೋಷ ಹುಡುಕುವ) ಸ್ಥಿತಿ, ದೊಡ್ಡಕ್ಷರದ ‘ಡಿ’ ಹಿನ್ನೆಲೆಗೆ ಸರಿಯದೆ ಮುನ್ನೆಲೆಯಲ್ಲೇ ಓಡುವ ಸ್ಥಿತಿ. ಅದೇ ಏಜೆಂಟ್‌ಗೆ ಕೀ ಸೇರಿಸುವ ಕಮಾಂಡಾದ ಎಸ್‌ಎಸ್‌ಎಚ್-ಆ್ಯಡ್‌ನಲ್ಲಾದರೆ ಸಣ್ಣದು ಹೇಳಿದ ಕೀಯನ್ನು ಮಾತ್ರ ಏಜೆಂಟ್‌ನಿಂದ ತೆಗೆಯುತ್ತದೆ, ದೊಡ್ಡದು ಎಲ್ಲ ಕೀಗಳನ್ನೂ ತೆಗೆದುಹಾಕುತ್ತದೆ. ಸಣ್ಣಕ್ಷರದ ‘ಕೆ’ ಕೂಡ ಹಾಗೆಯೇ: ಎಸ್‌ಎಸ್‌ಎಚ್-ಏಜೆಂಟ್‌ನಲ್ಲಿ ಅದು ಓಡುತ್ತಿರುವ ಏಜೆಂಟನ್ನೇ ನಿಲ್ಲಿಸಿದರೆ, ಎಸ್‌ಎಸ್‌ಎಚ್-ಆ್ಯಡ್‌ನಲ್ಲಿ ಸರ್ಟಿಫಿಕೇಟ್‌ಗಳನ್ನು ಬಿಟ್ಟು ಕೀಗಳನ್ನಷ್ಟೇ ನಿರ್ವಹಿಸುವಂತೆ ಮಾಡುತ್ತದೆ. ಬರೀ ಅಕ್ಷರ ಮತ್ತು ಪುಟಸಂಖ್ಯೆ ಕೊಡುವ ಸೂಚಿ ಇಲ್ಲಿ ಇಲ್ಲದಿದ್ದರೇ ವಾಸಿ. ಒಂದಕ್ಷರದ ಪ್ರತಿ ನಮೂದಿನಲ್ಲೂ ಅಕ್ಷರದ ಪಕ್ಕದಲ್ಲೇ ಕಮಾಂಡಿನ ಹೆಸರು ಇರಲೇಬೇಕು. ದೊಡ್ಡಕ್ಷರ, ಸಣ್ಣಕ್ಷರಗಳನ್ನು ಎಂದಿಗೂ ಒಂದೇ ನಮೂದಾಗಿ ಕೂಡಿಸಬಾರದು.

ಆಪ್ಷನ್ನಿನ ಹೆಸರೇ ಗೊತ್ತಿಲ್ಲದೆ ಹುಡುಕುವವರಿಗಾಗಿ ವಿಷಯಸೂಚಿಯಲ್ಲಿಯೂ ನಮೂದುಗಳು ಬೇಕು. ಜಿಪಿಜಿ-ಏಜೆಂಟ್ ಎಸ್‌ಎಸ್‌ಎಚ್ ಕೀಯನ್ನು ಎಷ್ಟು ಹೊತ್ತು ನೆನಪಿನಲ್ಲಿಡುತ್ತದೆ ಎಂದು ಕೇಳುವವರು ‘ಡಿಫಾಲ್ಟ್-ಕ್ಯಾಶ್-ಟಿಟಿಎಲ್-ಎಸ್‌ಎಸ್‌ಎಚ್’ ಎಂಬುದನ್ನು ‘ಡಿ’ ಅಕ್ಷರದಡಿ ಹುಡುಕುವ ಸಂಭವ ಕಡಿಮೆ. ‘ಕೀ ನೆನಪಿನ ಅವಧಿ’ ಎಂಬ ನಮೂದು ಅವರನ್ನು ಆ ಆಪ್ಷನ್‌ಗೂ, ಗರಿಷ್ಠ ಮಿತಿಯನ್ನು ನಿಗದಿಪಡಿಸುವ ಅದರ ಜೋಡಿ ಆಪ್ಷನ್‌ಗೂ ಕರೆದೊಯ್ಯಬೇಕು. ಮೊದಲನೆಯದರ ಪೂರ್ವನಿಗದಿತ ಮೌಲ್ಯ 1800 ಸೆಕೆಂಡು, ಎರಡನೆಯದು 7200 ಸೆಕೆಂಡು. ಇವು ವಿವರಣೆಯಲ್ಲಿರಲಿ, ಸೂಚಿಯಲ್ಲಿ ಬೇಡ.

ಟೆಕ್ಸಿನ್ಫೋ ಪಟ್ಟಿಯಲ್ಲಿ ಆಪ್ಷನ್ನನ್ನು ನಮೂದಿಸುವ ಐಟಂ ಸಾಲು ಮತ್ತು ಅದೇ ವಿವರಣೆಗೆ ಇನ್ನೊಂದು ಹೆಸರನ್ನು ಸೇರಿಸುವ ಐಟಂಎಕ್ಸ್ ಸಾಲುಗಳ ನಡುವೆ ಸೂಚಿಯ ಸಾಲನ್ನು ತುರುಕಬೇಡಿ, ಅವೆರಡೂ ಒಂದಕ್ಕೊಂದು ತಾಗಿಕೊಂಡೇ ಇರಬೇಕು. ಸೂಚಿಗಳು ಬೇರೆಬೇರೆಯಾದರೆ ಹುಡುಕಾಟ ಕಷ್ಟವಾದೀತೆಂಬ ಅಂಜಿಕೆ ಬೇಡ: ಟೆಕ್ಸಿನ್ಫೋ ಕೈಪಿಡಿಗಳನ್ನು ಪರದೆಯ ಮೇಲೆ ತೋರಿಸುವ ಇನ್ಫೋ ಓದುಗದಲ್ಲಿ ‘ಐ’ ಕೀಲಿ ಒತ್ತಿ ಹುಡುಕಿದರೆ ಕೈಪಿಡಿಯ ಎಲ್ಲ ಸೂಚಿಗಳನ್ನೂ ಅದು ಒಟ್ಟಿಗೇ ನೋಡುತ್ತದೆ.