ಮಣ್ಣಿನಲ್ಲಿ ಆಡುವ ಮಗು ಓದುವುದು ಯಾವಾಗ?

ಓದುಗರ ಪತ್ರ: ಐದು ವರ್ಷದ ಮೊಮ್ಮಗನನ್ನು ಮಗ-ಸೊಸೆ ಮಣಿಪಾಲದ ಆಚೆ ಒಂದು 'ಪ್ರಕೃತಿ ಶಾಲೆ'ಗೆ ಹಾಕಿದ್ದಾರೆ. ಪಠ್ಯಪುಸ್ತಕ ಇಲ್ಲ, ಹೋಮ್‌ವರ್ಕ್ ಇಲ್ಲ, ಪರೀಕ್ಷೆ ಇಲ್ಲ. ದಿನಾ ಕೆಸರು ಮೆತ್ತಿಕೊಂಡು ಬರುತ್ತಾನೆ. ಪಕ್ಕದ ಮನೆಯ ಅದೇ ಪ್ರಾಯದ ಹುಡುಗಿ ಎ ಬಿ ಸಿ ಡಿ ಪೂರ್ತಿ ಬರೆಯುತ್ತಾಳೆ. ಇವನಿಗೆ ಅ ಆ ಇ ಈ ಕೂಡಾ ಬಾರದು. ಇದು ಫಾರಿನ್‌ನಿಂದ ಬಂದ ಹೊಸ ಫ್ಯಾಷನ್ನಾ? ನಮ್ಮ ಅಂಗಳದಲ್ಲಿ ದುಡ್ಡಿಲ್ಲದೆ ಸಿಗುತ್ತಿದ್ದ ಮಣ್ಣಿಗೆ ಇಷ್ಟು ಫೀಸು ಕಟ್ಟಬೇಕಾ?
– ನಿವೃತ್ತ ಸರ್ಕಾರಿ ಶಾಲಾ ಶಿಕ್ಷಕಿ, ಕಲ್ಯಾಣಪುರ

ಸಂಪಾದಕರ ಉತ್ತರ:

ನಮಸ್ಕಾರ ಟೀಚರ್. ನಿಮ್ಮ ಕೊನೆಯ ಪ್ರಶ್ನೆಯೇ ದೊಡ್ಡದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ 'ಹೊಸ ಫ್ಯಾಷನ್' ವಿಷಯ. ಹೊರಗಿನಿಂದ ಬಂದದ್ದು ಹೌದು, ಆದರೆ ಹೊಸದೇನಲ್ಲ. 1837ರಲ್ಲಿ ಜರ್ಮನಿಯ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ ಫ್ರೆಡ್ರಿಕ್ ಫ್ರೋಬೆಲ್ ಎಂಬವರು ಪುಟ್ಟ ಮಕ್ಕಳಿಗಾಗಿ ಒಂದು ಶಾಲೆ ಶುರು ಮಾಡಿದರು. ನಮ್ಮ ಎಲ್‌ಕೆಜಿ, ಯುಕೆಜಿಗಳ ಮೂಲ ಅದೇ; ಕೆಜಿ ಎಂದರೆ ಕಿಂಡರ್‌ಗಾರ್ಟನ್, ಮಕ್ಕಳ ತೋಟ. ಎಳೆ ಪ್ರಾಯದಲ್ಲಿ ಅವರು ಅರಣ್ಯದ ಕೆಲಸ ಕಲಿಯಲು ಹೋಗಿದ್ದವರು. ಅವರ ಪದ್ಧತಿಯಲ್ಲಿ ಪ್ರತಿ ಮಗುವಿಗೂ ಒಂದು ಪುಟ್ಟ ಪಾತಿ ಇರುತ್ತಿತ್ತು. ಜೊತೆಗೆ ಎಲ್ಲರೂ ಸೇರಿ ನೋಡಿಕೊಳ್ಳುವ ತೋಟವೂ ಇರುತ್ತಿತ್ತು. ತನ್ನ ಗಿಡಕ್ಕೆ ತಾನೇ ನೀರು ಹಾಕಬೇಕು, ಊರಿನ ಗಿಡವನ್ನೂ ಮರೆಯಬಾರದು. ಇದರಲ್ಲಿ ಏನು ಅಪಾಯ ಕಂಡಿತೋ, ಆಗಿನ ಜರ್ಮನ್ ರಾಜ್ಯವಾದ ಪ್ರಷ್ಯಾದ ಸರ್ಕಾರ 1851ರಲ್ಲಿ ಈ ಶಾಲೆಗಳನ್ನೇ ನಿಷೇಧಿಸಿತು. ಮರುವರ್ಷ ಫ್ರೋಬೆಲ್ ತೀರಿಕೊಂಡರು. ನಿಷೇಧ ಹೋದದ್ದು 1860ರಲ್ಲಿ. ಇವತ್ತು ಅದೇ ಕೆಜಿಯ ಹೆಸರಿನಲ್ಲಿ ನಾಲ್ಕು ವರ್ಷದ ಮಕ್ಕಳು ಕಾಪಿ ಬರೆದು ಬೆರಳು ನೋಯಿಸಿಕೊಳ್ಳುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸ್ಸೊರಿ ಅವರ ಮೊದಲ 'ಮಕ್ಕಳ ಮನೆ' ಎಂಬ ಶಾಲೆ ತೆರೆದದ್ದು 1907ರ ಜನವರಿಯಲ್ಲಿ, ರೋಮ್‌ನ ಸ್ಯಾನ್ ಲೊರೆಂಜೊ ಎಂಬ ಬಡವರ ಬೀದಿಯಲ್ಲಿ. ಅಪ್ಪ ಅಮ್ಮ ಕೂಲಿಗೆ ಹೋದಾಗ ಮನೆಯಲ್ಲಿ ಉಳಿಯುತ್ತಿದ್ದ ಮಕ್ಕಳಿಗಾಗಿ ಅದು ಹುಟ್ಟಿತು. ಈಗ ಆ ಹೆಸರಿನ ಬೋರ್ಡು ಕಂಡ ಕೂಡಲೇ ನಮಗೆ ಫೀಸಿನ ನೆನಪಾಗುತ್ತದೆ, ಅಲ್ವಾ? 1939ರಲ್ಲಿ ಅವರು ಮದ್ರಾಸಿಗೆ ಬಂದರು. ಎರಡನೇ ಮಹಾಯುದ್ಧ ಶುರುವಾಗಿ 1946ರವರೆಗೆ ಇಲ್ಲೇ ಉಳಿದರು. ಆ ವರ್ಷಗಳಲ್ಲಿ ನಮ್ಮ ದೇಶದ ಅದೆಷ್ಟೋ ಶಿಕ್ಷಕರು ಅವರ ಕೈಕೆಳಗೆ ಕಲಿತರು. ಅದಕ್ಕೂ ಮೊದಲೇ, 1901ರಲ್ಲಿ, ರವೀಂದ್ರನಾಥ ಟ್ಯಾಗೋರರು ಶಾಂತಿನಿಕೇತನದಲ್ಲಿ ಐದು ಮಕ್ಕಳೊಂದಿಗೆ ಶಾಲೆ ತೆರೆದು ಮರದ ಕೆಳಗೆ ಪಾಠ ಮಾಡಿಸಿದ್ದರು. 1920ರಲ್ಲಿ ಗುಜರಾತಿನ ಭಾವನಗರದಲ್ಲಿ ವಕೀಲಿಕೆ ಬಿಟ್ಟ ಗಿಜುಭಾಯಿ ಬಧೇಕಾ ಬಾಲಮಂದಿರ ನಡೆಸತೊಡಗಿದರು.

ಅಷ್ಟು ದೂರ ಯಾಕೆ, ನಮ್ಮ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಪುತ್ತೂರಿನಲ್ಲಿ ಬಾಲವನ ಕಟ್ಟಲಿಲ್ವಾ? ಗಾಂಧೀಜಿಯ ಮಾತಿಗೆ ಕಾಲೇಜು ಬಿಟ್ಟವರು ಅವರು. ಆಟ, ನಾಟಕ, ಕುಣಿತ ಇವೇ ಮಕ್ಕಳ ಪಾಠ ಆಗಬೇಕು ಎಂದು ಹಟ ಹಿಡಿದರು. ಮಕ್ಕಳಿಗೆಂದೇ ಕನ್ನಡದಲ್ಲಿ ವಿಶ್ವಕೋಶ ಬರೆದರು. ಪುತ್ತೂರಿನ ಕಡೆ ಹೋದರೆ ಮೊಮ್ಮಗನನ್ನು ಅಲ್ಲಿಗೆ ಕರೆದುಕೊಂಡು ಹೋಗಿ.

ಇನ್ನು ನಿಮಗೇ ಚೆನ್ನಾಗಿ ಗೊತ್ತಿರುವ ಸಂಗತಿ: ನಮ್ಮ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆ, ನಲಿಕಲಿ. ಅದು ಶುರುವಾದದ್ದು 1995ರಲ್ಲಿ, ಹೆಗ್ಗಡದೇವನಕೋಟೆ ತಾಲೂಕಿನಲ್ಲಿ. ಅಲ್ಲಿನ ಸರ್ಕಾರಿ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳ ಕ್ರಮ ನೋಡಿಕೊಂಡು ಬಂದರು. ರಿಷಿ ವ್ಯಾಲಿ ತತ್ವಜ್ಞಾನಿ ಜಿಡ್ಡು ಕೃಷ್ಣಮೂರ್ತಿಯವರ ವಿಚಾರದ ಮೇಲೆ ನಡೆಯುವ ಖಾಸಗಿ ಶಾಲೆ. ಅಂದರೆ ಖಾಸಗಿ ಶಾಲೆಯ ಅಂಗಳದಲ್ಲಿ ಬೆಳೆದ ವಿಚಾರ ನಮ್ಮ ಸರ್ಕಾರಿ ಶಾಲೆಯ ಒಂದನೇ ತರಗತಿಗೆ ಬಂತು. ಕಲಿಕಾ ಏಣಿ, ಮೈಲಿಗಲ್ಲು, ಕಾರ್ಡು, ತಟ್ಟೆಯ ಗುಂಪು, ತಲೆಯ ಮೇಲೆ ಮಕ್ಕಳ ಚಿತ್ರ ತೂಗುವ ಚಪ್ಪರ. ಒಂದೇ ಕೋಣೆಯಲ್ಲಿ ಒಬ್ಬ ಒಂದನೇ ಮೆಟ್ಟಿಲಲ್ಲಿ, ಇನ್ನೊಬ್ಬಳು ಹತ್ತನೇ ಮೆಟ್ಟಿಲಲ್ಲಿ. ಪ್ರತಿ ಮಗುವೂ ತನ್ನ ವೇಗದಲ್ಲಿ ನಡೆಯಬೇಕು ಎನ್ನುವ ಈ ತತ್ವವೇ ನಿಮ್ಮ ಮೊಮ್ಮಗನ ಶಾಲೆಯದ್ದೂ. ಚೆನ್ನಾಗಿ ನಡೆದಾಗ ಅದು ಏನು ಕೊಡುತ್ತದೆ, ಕಾಟಾಚಾರಕ್ಕೆ ನಡೆದಾಗ ಏನಾಗುತ್ತದೆ ಎರಡೂ ನಿಮಗೆ ಗೊತ್ತು.

ಹಾಗಾದರೆ ನಮ್ಮ ಅಂಗಳ ಸಾಲದಾ? ಸಾಕಿತ್ತು ಟೀಚರ್, ಕೆಲವರಿಗೆ. ಆಟಿ ತಿಂಗಳ ಮಳೆಗೆ ಚಾವಡಿಯಲ್ಲಿ ಚೆನ್ನೆಮಣೆ ಇಟ್ಟು ಕೂತರೆ ಅಜ್ಜಿಯೇ ಗಣಿತದ ಟೀಚರ್. ಎರಡು ಸಾಲಿನಲ್ಲಿ ಏಳೇಳು ಗುಳಿ, ಗುಳಿಗೆ ನಾಲ್ಕು ಕಾಯಿ, ಒಟ್ಟು 56. ಯಾವ ಗುಳಿಯಿಂದ ಎತ್ತಿದರೆ ಎಲ್ಲಿ ಮುಗಿಯುತ್ತದೆ ಎಂದು ಮಗು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿತ್ತು. ಆದರೆ ಅದೇ ಕಾಲದಲ್ಲಿ ಗದ್ದೆಯ ಕೆಸರಿನಲ್ಲಿದ್ದ ಎಷ್ಟೋ ಮಕ್ಕಳು ಆಡುತ್ತಿರಲಿಲ್ಲ, ದುಡಿಯುತ್ತಿದ್ದರು. ದಲಿತ ಮಕ್ಕಳಿಗೆ ಶಾಲೆಯ ಬಾಗಿಲೇ ಮುಚ್ಚಿತ್ತು. ಅದಕ್ಕಾಗಿಯೇ ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ಅವರಿಗಾಗಿ ಬೇರೆ ಶಾಲೆ ತೆರೆಯಬೇಕಾಯಿತು. ಈಗಂತೂ ಅಂಗಳಕ್ಕೆ ಇಂಟರ್‌ಲಾಕ್ ಬಂದಿದೆ. ಚೆನ್ನೆಮಣೆ ಶೋಕೇಸಿನಲ್ಲಿದೆ. ಅಜ್ಜಿ ಕಲ್ಯಾಣಪುರದಲ್ಲಿ, ಮೊಮ್ಮಗ ಫ್ಲ್ಯಾಟಿನಲ್ಲಿ.

ಮಣ್ಣಿಗೆ ಫೀಸು ಕಟ್ಟುವುದು ಬೇಡವೇ ಬೇಡ. ಕಟ್ಟುವುದಾದರೆ ಆ ಮಣ್ಣಿನ ಪಕ್ಕ ಕೂತು ಮಗುವನ್ನು ಗಮನಿಸುವ ಟೀಚರಿಗೆ ಕಟ್ಟಬೇಕು. ಇದನ್ನೇ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು. ತೋಡಿನ ಬದಿಯಲ್ಲಿ ಏಡಿ ಹಿಡಿದ ಮಗು ಅದರ ಕಾಲು ಎಣಿಸುತ್ತದೆ. ಅಲ್ಲಿಗೆ ಬಿಟ್ಟರೆ ಅದು ಬರೀ ಆಟ. ಮರುದಿನ ಟೀಚರ್ ಆ ಏಡಿಯ ಚಿತ್ರ ಬಿಡಿಸಲು ಕಾಗದ ಕೊಟ್ಟು, ಕೆಳಗೆ 'ಏಡಿ' ಎಂದು ಬರೆದು ತೋರಿಸಿ, ಮಳೆ ನಿಂತ ಮೇಲೆ ಏಡಿಗಳು ಎಲ್ಲಿ ಹೋಗುತ್ತವೆ ಎಂದು ಕೇಳಿದರೆ ಅದು ಪಾಠ. ಇದಕ್ಕೆ ಪಠ್ಯಪುಸ್ತಕ ಓದಿಸುವುದಕ್ಕಿಂತ ಜಾಸ್ತಿ ತಯಾರಿ ಬೇಕು. ವರ್ಷಕ್ಕೊಂದು ದಿನ ಗದ್ದೆಗೆ ಇಳಿಸಿ, ನೇಜಿ (ಭತ್ತದ ಸಸಿ) ಕೈಗೆ ಕೊಟ್ಟು ಫೋಟೋ ತೆಗೆಯುವ ಶಾಲೆಗಳನ್ನು ನಾನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ.

ಆದ್ದರಿಂದ ನೀವೇ ಒಂದು ದಿನ ಶಾಲೆಗೆ ಹೋಗಿ ಬನ್ನಿ. ಟೀಚರುಗಳು ಎಷ್ಟು ವರ್ಷದಿಂದ ಅಲ್ಲಿದ್ದಾರೆ, ಅವರಿಗೆ ಸಂಬಳ ಸರಿಯಾಗಿ ಸಿಗುತ್ತದಾ ಕೇಳಿ. ಮುರಕಲ್ಲಿನ ಗೋಡೆ, ಹಂಚಿನ ಮಾಡು ಚಂದವೇ. ಆದರೆ ಟೀಚರು ವರ್ಷ ವರ್ಷವೂ ಬದಲಾಗುತ್ತಿದ್ದರೆ ಆ ಚಂದದಿಂದ ಮಗುವಿಗೆ ಲಾಭ ಕಡಿಮೆ. ಮೊಮ್ಮಗನ ಬಗ್ಗೆ ಟೀಚರ್ ಬರೆದಿಟ್ಟ ಟಿಪ್ಪಣಿ ತೋರಿಸಲು ಹೇಳಿ. 'ಚೆನ್ನಾಗಿದ್ದಾನೆ' ಎಂಬ ಉತ್ತರ ಸಾಲದು. ಈ ತಿಂಗಳು ಅವನಿಗೆ ಏನು ಹೊಸದಾಗಿ ಬಂತು, ಎಲ್ಲಿ ತಡವರಿಸುತ್ತಿದ್ದಾನೆ ಎಂದು ಅವರು ಹೇಳಬಲ್ಲವರಾಗಿರಬೇಕು. ಮನೆಯಲ್ಲಿ ಆಡುವ ತುಳು, ಕೊಂಕಣಿ, ಕನ್ನಡ ಆ ಅಂಗಳದಲ್ಲಿ ಕೇಳಿಸುತ್ತದಾ, ಅದನ್ನೂ ಗಮನಿಸಿ.

ಫೀಸಿನ ಬಗ್ಗೆ ನನಗೂ ನಿಮ್ಮಷ್ಟೇ ಸಿಟ್ಟಿದೆ. ಚಟುವಟಿಕೆ ಮತ್ತು ಹುಡುಕಾಟದ ಮೂಲಕ, ಮಗುವನ್ನೇ ಕೇಂದ್ರದಲ್ಲಿ ಇಟ್ಟುಕೊಂಡು ಕಲಿಸಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಅದು ಎಲ್ಲ ಮಕ್ಕಳಿಗೂ ಹೇಳಿದ ಮಾತು. ಸ್ಯಾನ್ ಲೊರೆಂಜೊದ ಕೂಲಿಕಾರರ ಮಕ್ಕಳಿಗೆ ಸಿಕ್ಕಿದ್ದು ಮಲ್ಪೆಯ ಬಂದರಿನಲ್ಲಿ ದುಡಿಯುವವರ ಮಕ್ಕಳಿಗೂ ಸಿಗಬೇಕು. ನಿಮ್ಮಂಥ ನಿವೃತ್ತ ಟೀಚರುಗಳು ವಾರಕ್ಕೊಮ್ಮೆ ಹತ್ತಿರದ ಅಂಗನವಾಡಿಗೆ ಚೆನ್ನೆಮಣೆ ಹಿಡಿದುಕೊಂಡು ಹೋದರೂ ಅದು ಸಣ್ಣ ಕೆಲಸವಲ್ಲ.

ಕೊನೆಗೆ, ಅ ಆ ಇ ಈ. ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳು ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹೆಚ್ಚಿನ ವರ್ಷ ಮುಂದಿರುವುದರಿಂದ ಇಲ್ಲಿನ ಮನೆಗಳಲ್ಲಿ ಈ ಆತಂಕ ಬೇಗ ಶುರುವಾಗುತ್ತದೆ. ಐದು ವರ್ಷಕ್ಕೆ ಅಕ್ಷರ ಬರೆಯಲೇಬೇಕೆಂದಿಲ್ಲ. ಕಥೆ ಕೇಳುತ್ತಾನಾ, ಕೇಳಿದ್ದನ್ನು ತನ್ನ ಮಾತಿನಲ್ಲಿ ಹೇಳುತ್ತಾನಾ, ಗೆರೆ ಎಳೆಯಲು ಕೈ ಪಳಗುತ್ತಿದೆಯಾ, ಸದ್ಯಕ್ಕೆ ಇಷ್ಟು ನೋಡಿ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಪುಣ್ ಭಾರತ್ ಯೋಜನೆಯ ಗುರಿಯೂ ಮೂರನೇ ತರಗತಿ ಮುಗಿಯುವಾಗ ಮಗು ಅರ್ಥ ಮಾಡಿಕೊಂಡು ಓದಬೇಕು, ಸಣ್ಣ ಲೆಕ್ಕ ಮಾಡಬೇಕು ಎಂಬುದೇ. ಒಂದನೇ ತರಗತಿ ದಾಟಿದ ಮೇಲೂ ಅಕ್ಷರದ ಕಡೆ ಶಾಲೆ ತಿರುಗಿ ನೋಡದಿದ್ದರೆ ಸುಮ್ನೆ ಕೂರಬೇಡಿ. ಮಗ-ಸೊಸೆಯನ್ನು ಕರೆದುಕೊಂಡು ನೇರವಾಗಿ ಹೋಗಿ ಕೇಳಿ.