ಬ್ರಷ್ ತಾನೇ ಅಲ್ಲಾಡುತ್ತೆ, ನೀವು ಅಲ್ಲಾಡಿಸಬೇಡಿ

ಪ್ರಶ್ನೆ: ನಮ್ಮ ಮಾವನವರಿಗೆ 71 ವರ್ಷ. ಬೆರಳಿನ ಗಂಟುಗಳು ಊದಿಕೊಂಡು ಬ್ರಷ್ ಹಿಡಿಯುವುದೇ ಕಷ್ಟ. ನಾದಿನಿ ಬೆಂಗಳೂರಿನಿಂದ ಎಲೆಕ್ಟ್ರಿಕ್ ಬ್ರಷ್ ಕಳಿಸಿದರು. ನಾಲ್ಕೇ ದಿನಕ್ಕೆ ವಸಡಿನಲ್ಲಿ ರಕ್ತ ಬಂತು, ತಲೆಯೆಲ್ಲ ಗುಂಯ್ ಅನ್ನುತ್ತೆ ಅಂತ ಅದನ್ನು ಮೂಲೆಗೆ ಇಟ್ಟುಬಿಟ್ಟಿದ್ದಾರೆ. ಬಿಟ್ಟುಬಿಡುವುದಾ? ನಾನೂ ಒಂದು ಕೊಳ್ಳೋಣ ಅಂತಿದ್ದೆ, ಎಂಥದ್ದು ಕೊಳ್ಳಲಿ?
– ಓದುಗರು, ದಾವಣಗೆರೆ

ಉತ್ತರ: ಬಿಡಿಸಬೇಡಿ ತಾಯಿ. ಬೆರಳು ಮಡಚಲಾಗದವರಿಗೇ ಈ ಬ್ರಷ್ ಹೆಚ್ಚು ಉಪಯೋಗ, ಹಿಡಿ ದಪ್ಪ, ಕೈ ಆಡಿಸುವ ಕೆಲಸವೇ ಇಲ್ಲ. ಒಂದು ದಿನ ಅವರು ಹಲ್ಲುಜ್ಜುವಾಗ ಪಕ್ಕದಲ್ಲಿ ನಿಂತು ನೋಡಿ. ಮಾಮೂಲಿ ಬ್ರಷ್‌ನಲ್ಲಿ ಉಜ್ಜಿದ ಹಾಗೇ ಇದನ್ನೂ ಒತ್ತಿ ಹಿಡಿದು ಗಸಗಸ ತಿಕ್ಕುತ್ತಿರುತ್ತಾರೆ, ಅಲ್ವಾ? ಅದು ಬೇಡ. ಹಲ್ಲು ವಸಡು ಸೇರುವ ಕಡೆ ಸ್ವಲ್ಪ ಓರೆಯಾಗಿ ಸುಮ್ನೆ ಇಟ್ಟು, ಎರಡು ಮೂರು ಎಣಿಸಿ, ಪಕ್ಕದ ಹಲ್ಲಿಗೆ ಜಾರಿಸಬೇಕು ಅಷ್ಟೇ. ಹೊರಗೆ, ಒಳಗೆ, ಅಗಿಯುವ ಭಾಗ. ಒಟ್ಟು ಎರಡು ನಿಮಿಷ. ಎಷ್ಟೋ ಬ್ರಷ್‌ಗಳು 30 ಸೆಕೆಂಡಿಗೊಮ್ಮೆ ತಡೆದು ಜಾಗ ಬದಲಿಸಿ ಅಂತ ಹೇಳುತ್ತವೆ. ಕಡಲೆಕಾಳಿನಷ್ಟು ಪೇಸ್ಟ್ ಸಾಕು, ಮತ್ತೆ ಬಾಯೊಳಗೆ ಇಟ್ಟ ಮೇಲೇ ಸ್ವಿಚ್ ಒತ್ತಲು ಹೇಳಿ, ಇಲ್ಲದಿದ್ದರೆ ಕನ್ನಡಿ ಒರೆಸುವ ಕೆಲಸ ನಿಮ್ಮದು!

ಗುಂಯ್ ಅನ್ನುವುದು ಒಂದೆರಡು ವಾರದಲ್ಲಿ ರೂಢಿಯಾಗುತ್ತದೆ. ರಕ್ತಕ್ಕೆ ಸಾಮಾನ್ಯವಾಗಿ ಕಾರಣ ವಸಡಿನಂಚಲ್ಲಿ ಕೂತ ಪಾಚಿ, ಅದು ಹೋದರೆ ರಕ್ತವೂ ನಿಲ್ಲುತ್ತದೆ. ಎರಡು ವಾರವಾದರೂ ನಿಲ್ಲದಿದ್ದರೆ ದಂತವೈದ್ಯರಿಗೆ ತೋರಿಸಿ. ಹೃದಯದ ತೊಂದರೆಗೆ ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಅಷ್ಟೂ ದಿನ ಕಾಯಬೇಡಿ. ಕಲ್ಲಿನಂತೆ ಗಟ್ಟಿಯಾದ ಪಾಚಿಯನ್ನು ಯಾವ ಬ್ರಷ್ಷೂ ತೆಗೆಯುವುದಿಲ್ಲ, ಅದಕ್ಕೆ ಕ್ಲೀನಿಂಗೇ ಆಗಬೇಕು.

ಇನ್ನು ನಿಮ್ಮ ವಿಷಯ. 2014ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕೊಕ್ರೇನ್ ಸಂಸ್ಥೆಯವರು ಇಂಥ ಬ್ರಷ್‌ಗಳ ಬಗ್ಗೆ 56 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಮೂರು ತಿಂಗಳು ದಾಟಿ ಎಲೆಕ್ಟ್ರಿಕ್ ಬ್ರಷ್ ಬಳಸಿದವರಲ್ಲಿ ಕೈಬ್ರಷ್‌ನವರಿಗಿಂತ ಪಾಚಿ ಶೇ 21, ವಸಡಿನ ಉರಿಯೂತ ಶೇ 11ರಷ್ಟು ಕಡಿಮೆ ಇತ್ತು. ಲಾಭ ಇದೆ, ಪವಾಡ ಇಲ್ಲ. ಕೈಬ್ರಷ್‌ನಲ್ಲೇ ನಿಧಾನವಾಗಿ ಎರಡು ನಿಮಿಷ ಉಜ್ಜುವವರಾದರೆ ನಿಮಗೆ ಅವಸರವೇನಿಲ್ಲ.

ಕೊಳ್ಳುವುದೇ ಆದರೆ ದುಂಡು ತಲೆಯದ್ದು, ಉದ್ದ ತಲೆಯ ಸೋನಿಕ್ (ಅತಿ ವೇಗವಾಗಿ ಕಂಪಿಸುವಂಥದ್ದು), ಎರಡೂ ನಡೆಯುತ್ತದೆ. ಜಾಸ್ತಿ ಒತ್ತಿದರೆ ಎಚ್ಚರಿಸುವ ಸೆನ್ಸರ್‌ಗೆ ದುಡ್ಡು ಕೊಡಿ, ಮೊಬೈಲ್ ಆ್ಯಪ್‌ಗೆ ಕೊಡಬೇಡಿ. ಬಿಡಿ ಸೆಲ್ ಹಾಕುವುದಕ್ಕಿಂತ ಚಾರ್ಜ್ ಮಾಡುವುದು ಮೇಲು, ಸೆಲ್ ಸೋತಂತೆ ಬ್ರಷ್ಷೂ ಸೋಲುತ್ತದೆ. ಮೂರು ತಿಂಗಳಿಗೊಮ್ಮೆ ತಲೆ ಬದಲಿಸಬೇಕಲ್ಲ, ಆ ತಲೆ ನಿಮ್ಮೂರಲ್ಲಿ ಸಿಗುತ್ತದಾ, ಎಷ್ಟಕ್ಕೆ ಅಂತ ಮೊದಲೇ ವಿಚಾರಿಸಿ. ಬ್ರಷ್ ಅಗ್ಗ, ತಲೆ ದುಬಾರಿ ಅನ್ನುವಂಥವೂ ಇವೆ.

ಅಂದಹಾಗೆ ಹಿಡಿ ಒಂದೇ ಇದ್ದು, ತಲೆ ಮಾತ್ರ ಒಬ್ಬೊಬ್ಬರಿಗೆ ಬೇರೆ ಇಟ್ಟುಕೊಂಡರೂ ಸಾಕು. ಮಾವನವರು ಒಪ್ಪಬೇಕಷ್ಟೇ.