ನಿಮ್ಮ ಪ್ರಶ್ನೆ: 2 ಕೆ.ಜಿ. ಸಿಗಡಿ 10 ನಿಮಿಷ ಕುದಿಸಿದೆ, ರಬ್ಬರ್ ಆಯಿತು, ಮಸಾಲೆಯೂ ಹಿಡಿಯಲಿಲ್ಲ

ಹತ್ತು ನಿಮಿಷ ಕುದಿಸಿದ್ದೇ ಕಾರಣ. ಮಸಾಲೆ ಹಿಡಿಯಲಿ ಅಂತ ಕುದಿಸುತ್ತಾ ಹೋದಿರಿ, ಅಲ್ವಾ? ರುಚಿ ಹತ್ತುವುದು ಒಲೆ ಆರಿಸಿದ ಮೇಲೆ, ಅದೇ ನೀರಿನಲ್ಲಿ ನೆನೆಯುವಾಗ. ಅಮೆರಿಕದ ಲೂಸಿಯಾನಾ ಕಡೆ ಹೀಗೇ ಮಾಡುತ್ತಾರೆ.

ಒಂದೊಂದು ಕೆ.ಜಿ.ಯಂತೆ ಎರಡು ಸಲ ಬೇಯಿಸಿ. ಒಟ್ಟಿಗೆ ಸುರಿದರೆ ನೀರಿನ ಕುದಿ ನಿಂತುಬಿಡುತ್ತದೆ. ಬೆನ್ನು ಸೀಳಿ ಕಪ್ಪು ನರ ತೆಗೆಯಿರಿ, ಸಿಪ್ಪೆ ಮಾತ್ರ ಹಾಗೇ ಇರಲಿ.

3 ಲೀಟರ್ ನೀರಿಗೆ 90 ಗ್ರಾಂ ಉಪ್ಪು. ಜಾಸ್ತಿ ಅನ್ನಿಸುತ್ತದೆ, ಆದರೆ ಸಿಪ್ಪೆ ದಾಟಿ ಒಳಗೆ ಹೋಗಬೇಕಲ್ಲ. ಸಾಸಿವೆ, ಕೊತ್ತಂಬರಿ ಬೀಜ, ಕಾಳುಮೆಣಸು, ಪಲಾವ್ ಎಲೆ, ಜಜ್ಜಿದ ಬೆಳ್ಳುಳ್ಳಿ, ಎರಡು ಚಮಚ ಖಾರದ ಪುಡಿ ಹಾಕಿ 15 ನಿಮಿಷ ಕುದಿಸಿ. ಆಲೂಗಡ್ಡೆ, ಜೋಳದ ತೆನೆ ಬೇಕಿದ್ದರೆ ಈಗಲೇ ಹಾಕಿ, ಪೂರ್ತಿ ಬೇಯಲಿ.

ಆಮೇಲೆ ಸಿಗಡಿ. ಬಣ್ಣ ತಿರುಗಿ ಬಾಗಲು ಶುರುವಾದ ಕೂಡಲೇ ಒಲೆ ಆರಿಸಿ. ಮಧ್ಯಮ ಗಾತ್ರದ್ದಕ್ಕೆ ಸುಮಾರು 2 ನಿಮಿಷ, ನಿಮ್ಮದು ಎಷ್ಟು ದೊಡ್ಡದು ಅಂತ ಬರೆದಿಲ್ಲ, ಹಾಗಾಗಿ ಗಡಿಯಾರಕ್ಕಿಂತ ಕಣ್ಣನ್ನು ನಂಬಿ. ಉಂಗುರದಂತೆ ಸುತ್ತಿಕೊಂಡರೆ ಮುಗಿಯಿತು, ಜಾಸ್ತಿ ಬೆಂದಿದೆ.

ತಕ್ಷಣ ಎರಡು ಟ್ರೇ ಐಸ್ ಸುರಿದು ನಿಂಬೆರಸ ಹಿಂಡಿ. 10 ನಿಮಿಷ ಬಿಟ್ಟು ಒಂದು ಸುಲಿದು ತಿಂದು ನೋಡಿ. ಸಪ್ಪೆಯಿದ್ದರೆ ಇನ್ನೈದು ನಿಮಿಷ ಬಿಟ್ಟು ಸೋಸಿ.

ಒಂದು ಅನುಮಾನ: ಪ್ಯಾಕೆಟ್ಟಿನಲ್ಲೇ ಗುಲಾಬಿ ಬಣ್ಣ ಇತ್ತಾ? ಹಾಗಿದ್ದರೆ ಅದು ಬಹುಶಃ ಮೊದಲೇ ಬೆಂದದ್ದು. ಮುಂದಿನ ಸಲ ಹಸಿಯದನ್ನೇ ತನ್ನಿ.